ಜೀನು ಹೊಲಿದವರು

ನಮ್ಮೂರು ಅಗಡಿ, ಹಾವೇರಿ ತಾಲೂಕು. ಓದಿದವರಿಗೆ ಅಗಡಿ ಅಂದರೆ ಆನಂದವನ ನೆನಪಾಗುತ್ತದೆ, ಗಳಗನಾಥರ ಸದ್ಬೋಧ ಚಂದ್ರಿಕೆ ನೆನಪಾಗುತ್ತದೆ. ನನಗೆ ಮೊದಲು ನೆನಪಾಗುವುದು ನಮ್ಮ ಹಿತ್ತಲದಾಗ ನೆನೆಹಾಕಿದ ತೊಗಲಿನ ವಾಸನೆ. ಆ ವಾಸನೆಯೊಳಗೇ ಕೂತು ಅಪ್ಪ ರೈತರಿಗೆ ಮಿಣಿ, ಜತ್ತಿಗೆ, ಬಾರಕೋಲು ಮಾಡಿ ಕೊಡುತ್ತಿದ್ದ. ಆ ವಾಸನೆಯಿಂದ ದೂರ ಹೋಗಬೇಕು ಅಂತಲೇ ನಾನು ಓದಿದೆ. ಪ್ರಾಥಮಿಕ ಶಾಲೆಯ ಮಾಸ್ತರನಾದೆ. ನನ್ನ ಮಗಳಿಗೆ ಆ ವಾಸನೆ ಗೊತ್ತೇ ಇಲ್ಲ. ಗೊತ್ತಾಗದಿರಲಿ ಅಂತ ನಾನೇ ನೋಡಿಕೊಂಡೆ. ಅದು ಸರಿಯೋ ತಪ್ಪೋ ಅಂತ ಯೋಚಿಸುವ ಹಾಗೆ ಮಾಡಿದ್ದು ಅವಳ ಮೊಬೈಲಿನೊಳಗಿನ ಒಂದು ಕುದುರೆ.

2020ರಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದಾಗ ಪಾಠ ಕೇಳಲಿಕ್ಕೆ ಅಂತ ಸಾಲ ಮಾಡಿ ಒಂದು ಮೊಬೈಲು ತಂದಿದ್ದೆ. ಸಾಲಿ ತೆರೆದವು, ಸಾಲವೂ ತೀರಿತು. ಮೊಬೈಲು ಮಾತ್ರ ಅವಳ ಕೈಯಲ್ಲೇ ಉಳಿಯಿತು. ಮುಂದೆ ಒಂದು ದಿನ ರಾತ್ರಿ ನೋಡುತ್ತೇನೆ, ಗಣಿತದ ಪುಸ್ತಕದ ಮರೆಯಲ್ಲಿ ಕುದುರೆ ಆಡಿಸುತ್ತಿದ್ದಾಳೆ.

"ಏನವ್ವ ಇದು? ಒಂಬತ್ತನೇ ಇಯತ್ತೆ ಐತಿ, ಕುದುರಿ ಆಟ ಆಡ್ಕೋಂತ ಕುಂತೀದಿ?" ಅಂತ ಜೋರು ಮಾಡಿದೆ.

"ಅಪ್ಪಾ, ಐದು ನಿಮಿಷ. ರೇಸಿಗೆ ಹೆಸರು ಹಚ್ಚೀನಿ" ಅಂದಳು.

ಹೌರ್ಸ್ ಅಂತ ಆ ಆಟದ ಹೆಸರು. ಫ್ರಾನ್ಸಿನ ಕಂಪನಿಯೊಂದು 2005ರಲ್ಲಿ ಶುರು ಮಾಡಿದ್ದು. ದೇಶ ದೇಶದ ಮಕ್ಕಳು, ಹೆಚ್ಚಾಗಿ ಹೆಣ್ಣುಮಕ್ಕಳು, ಆಡುತ್ತಾರೆ. ಇದರಾಗ ಕುದುರೆ ಸಾಕಬೇಕು. ಮೇವು ಹಾಕಬೇಕು, ಮೈ ತಿಕ್ಕಬೇಕು, ಹೊತ್ತು ಮುಳುಗಿದ ಮೇಲೆ ಮಲಗಿಸಬೇಕು, ಪಳಗಿಸಬೇಕು. ಪಳಗಿದ ಮೇಲೆ ಎರಡು ದಾರಿ. ಒಂದು ಸಾಹೇಬರ ಸವಾರಿ, ಇನ್ನೊಂದು ವೆಸ್ಟರ್ನ್ ಸವಾರಿ, ಅಂದರೆ ಅಮೆರಿಕದ ದನಗಾಹಿಗಳ ಸವಾರಿ. ಒಂದನ್ನು ಆರಿಸಿದರೆ ಮುಗಿಯಿತು, ಆ ಕುದುರೆಗೆ ಬದಲಿ ಇಲ್ಲ. ವೆಸ್ಟರ್ನ್ ಆರಿಸಿದರೆ ಅದರದೇ ಜೀನು, ಅದರದೇ ಲಗಾಮು ಹಾಕಬೇಕು. ಆಗಲೇ ಆ ಪಂದ್ಯಗಳಿಗೆ ಹೆಸರು ಹಚ್ಚಲು ಬರುತ್ತದೆ. ಬ್ಯಾರೆಲ್ ರೇಸಿಂಗ್, ಕಟಿಂಗ್, ರೇನಿಂಗ್, ಟ್ರೇಲ್, ವೆಸ್ಟರ್ನ್ ಪ್ಲೆಶರ್ ಅಂತ ಐದು ಪಂದ್ಯ. ನನ್ನ ಮಗಳ ಕುದುರೆ ವೆಸ್ಟರ್ನ್. ಹೆಸರು ಅಗಡಿ.

ಅಪ್ಪ ಮೂಲೆಯಲ್ಲಿ ಕೌದಿ ಹೊದ್ದು ಮಲಗಿದ್ದ. ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಮಂದ, ಕಿವಿ ಚುರುಕು. ಎದ್ದು ಕೂತ.

"ಏನೇನ ಮಾಡಬೇಕಂದಿ ಕುದುರಿಗೆ?"

"ಹುಲ್ಲು ಹಾಕಬೇಕಜ್ಜಾ. ಮೈ ತಿಕ್ಕಬೇಕು."

"ಅದು ನಮ್ಮ ಕೆಲಸಾನ. ಹತ್ತಾವ್ರು ಯಾರು?"

"ನಾನಽ."

ಅಪ್ಪ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, "ಮೇವು ಹಾಕಿದವರಽ ಹತ್ತೂ ಆಟ ಅಂದ್ರ ಛಲೋ ಐತಿ ಬಿಡು" ಅಂದ. ನನ್ನ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು.

ಮಗಳಿಗೆ ಆ ಇಂಗ್ಲಿಷ್ ಮಾತುಗಳ ಅರ್ಥ ಬೇಕಾಗಿತ್ತು. ಕಟಿಂಗ್ ಅಂದರೆ ಏನು ಕತ್ತರಿಸುವುದು ಅಂತ ಕೇಳಿದಳು. ನಾನು ಮಾಸ್ತರ, ಗೊತ್ತಿಲ್ಲ ಅನ್ನಲಿಕ್ಕೆ ನಾಚಿಕೆ. ಓದಿ ಹೇಳುತ್ತೇನೆ ಅಂದೆ. ಓದಿದೆ. ಓದುತ್ತಾ ಹೋದ ಹಾಗೆ ಮಗಳ ಆಟ ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು.

ಕಟಿಂಗ್ ಅಂದರೆ ದನದ ಹಿಂಡಿನಿಂದ ಒಂದು ದನವನ್ನು ಬೇರೆ ಮಾಡಿ, ಅದು ಮತ್ತೆ ಹಿಂಡಿಗೆ ಸೇರದಂತೆ ಕುದುರೆಯಿಂದ ತಡೆಯುವುದು. ರೇನಿಂಗ್ ಅಂದರೆ ಲಗಾಮಿನ ಸಣ್ಣ ಸನ್ನೆಗೆ ಕುದುರೆ ತಿರುಗುವುದು, ಸುತ್ತುವುದು, ಓಡುತ್ತ ಓಡುತ್ತ ಜಾರಿ ನಿಲ್ಲುವುದು. ಬ್ಯಾರೆಲ್ ರೇಸಿಂಗಿನಲ್ಲಿ ಮೂರು ಪೀಪಾಯಿ ಮೂರು ಮೂಲೆಗೆ ಇಟ್ಟಿರುತ್ತಾರೆ. ಮೂರನ್ನೂ ಸುತ್ತು ಹಾಕಿ ತಿರುಗಿ ಓಡಿ ಬರಬೇಕು. ಒಂದು ಪೀಪಾಯಿ ಉರುಳಿದರೆ ಐದು ಸೆಕೆಂಡು ದಂಡ. ದೊಡ್ಡ ರೋಡಿಯೋಗಳಲ್ಲಿ ಇದು ಹೆಣ್ಣುಮಕ್ಕಳ ಪಂದ್ಯ. ಗಂಡಸರ ಜಾತ್ರೆಯಲ್ಲಿ ತಮಗೂ ಜಾಗ ಬೇಕು ಅಂತ 1948ರಲ್ಲಿ ಟೆಕ್ಸಾಸಿನಲ್ಲಿ 38 ಹೆಣ್ಣುಮಕ್ಕಳು ಸೇರಿ ಸಂಘ ಕಟ್ಟಿಕೊಂಡರು. ಇದನ್ನು ಕೇಳಿ ನನ್ನ ಮಗಳ ಮುಖ ಅರಳಿತು.

ಅಂದರೆ ಇವೆಲ್ಲ ಮೊದಲು ಆಟ ಅಲ್ಲ, ಕೆಲಸ. ದನ ಕಾಯುವವರು ಬಿಸಿಲಲ್ಲಿ, ದೂಳಲ್ಲಿ ಮಾಡುತ್ತಿದ್ದ ಕೂಲಿ ಕೆಲಸ. ಆ ಕೂಲಿಯವರು ಯಾರು? ಸಿನಿಮಾದವರು ತೋರಿಸಿದ್ದು ಬಿಳಿ ಮೈಯ, ನೀಲಿ ಕಣ್ಣಿನ ವೀರನನ್ನು. ಚರಿತ್ರೆಯೊಳಗೆ ಇಳಿದು ನೋಡಿದರೆ ಬೇರೆ ಮುಖ ಕಾಣುತ್ತದೆ.

ಕೊಲಂಬಸನ ಎರಡನೇ ಪ್ರಯಾಣದಲ್ಲಿ, 1493ರಲ್ಲಿ, ಸ್ಪೇನಿನ ಕುದುರೆಗಳು ಆ ಕಡೆಯ ದ್ವೀಪಗಳಿಗೆ ಬಂದವು. ಮುಂದೆ ಮೆಕ್ಸಿಕೋ ಗೆದ್ದ ಸ್ಪೇನಿನವರು 16ನೇ ಶತಮಾನದಲ್ಲಿ ಒಂದು ಕಟ್ಟಳೆ ಮಾಡಿದರು: ಅಲ್ಲಿಯ ಮೂಲನಿವಾಸಿಗಳು ಅಪ್ಪಣೆ ಇಲ್ಲದೆ ಕುದುರೆ ಏರಬಾರದು. ಕುದುರೆ ಏರಿದವನ ಕಣ್ಣು ಮೇಲಕ್ಕೆ ಬರುತ್ತದೆ, ದೊರೆಯ ಕಣ್ಣಿಗೆ ಕಣ್ಣು ಕೊಡುತ್ತದೆ. ಅದು ಅವರಿಗೆ ಬೇಡವಾಗಿತ್ತು. ಆದರೆ ದನ ಸಾವಿರಗಟ್ಟಲೆ ಬೆಳೆದವು. ಕಾಯುವವರು ಬೇಕಾದರು. ನಡೆದುಕೊಂಡು ಅಷ್ಟು ದನ ಕಾಯಲಿಕ್ಕೆ ಆಗುತ್ತದೆಯೇ? ಕೊನೆಗೆ ಯಾರಿಗೆ ಏರಬೇಡ ಅಂದಿದ್ದರೋ ಅವರನ್ನೇ ದುಡಿಮೆಗೆ ಅಂತ ಏರಿಸಬೇಕಾಯಿತು. ಅವರು ವಾಕೆರೋಗಳಾದರು. ಇವತ್ತಿನ ವೆಸ್ಟರ್ನ್ ಸವಾರಿಯ ಜೀನು, ಹಗ್ಗ, ಲಗಾಮಿನ ಕೈಚಳಕ ಎಲ್ಲದರ ಬೇರು ಆ ವಾಕೆರೋಗಳಲ್ಲಿದೆ.

ಅವರ ನಂತರ ಕರಿಯರು. ಅಮೆರಿಕದ ಪಶ್ಚಿಮದಲ್ಲಿ ದನ ಹೊಡೆದವರ ಪೈಕಿ ನಾಲ್ವರಲ್ಲಿ ಒಬ್ಬ ಕರಿಯನಿದ್ದ ಎಂದು ಇತಿಹಾಸಕಾರರ ಅಂದಾಜು. ನ್ಯಾಟ್ ಲವ್ ಎಂಬವನು 1854ರಲ್ಲಿ ಟೆನ್ನೆಸ್ಸಿಯಲ್ಲಿ ಗುಲಾಮನಾಗಿ ಹುಟ್ಟಿದ. ಬಿಡುಗಡೆಯಾದ ಮೇಲೆ ಪಶ್ಚಿಮಕ್ಕೆ ಹೋಗಿ ಕುದುರೆ ಏರಿದ. 1907ರಲ್ಲಿ ತನ್ನ ಬದುಕನ್ನು ತಾನೇ ಬರೆದ. ಬಿಲ್ ಪಿಕೆಟ್ 1870ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ಕರಿಯ. ಓಡುವ ಕುದುರೆಯ ಮೇಲಿಂದ ಹೋರಿಯ ಮೇಲೆ ಹಾರಿ, ಕೋಡು ತಿರುಚಿ, ಅದರ ತುಟಿಯನ್ನು ಹಲ್ಲಿನಿಂದ ಕಚ್ಚಿ ನೆಲಕ್ಕೆ ಕೆಡವುತ್ತಿದ್ದ. ಆ ಪಟ್ಟು ಅವನದೇ. ಇವತ್ತು ಹೋರಿ ಕೆಡವುವ ಪಂದ್ಯವಾಗಿ ಎಲ್ಲ ರೋಡಿಯೋಗಳಲ್ಲಿ ನಡೆಯುವುದು ಅದರ ಮುಂದುವರಿದ ರೂಪ. ಆದರೆ ಕರಿಯ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಕಡೆ ಅವನನ್ನು ಪಂದ್ಯಕ್ಕೆ ಬಿಡಲಿಲ್ಲ. ಕೆಲವು ಕಡೆ ಇವನು ಕರಿಯನಲ್ಲ, ಇಂಡಿಯನ್ ಅಂತ ಸುಳ್ಳು ಹೇಳಿ ಆಡಿಸಿದರು. 1932ರಲ್ಲಿ ಕುದುರೆ ಒದ್ದು ಸತ್ತ. ಅಲ್ಲಿಯ ರೋಡಿಯೋದವರು ತಮ್ಮ ಮಾನ್ಯರ ಪಟ್ಟಿಯಲ್ಲಿ ಅವನ ಹೆಸರು ಸೇರಿಸಿದ್ದು ಅವನು ಸತ್ತು ಸುಮಾರು 40 ವರ್ಷವಾದ ಮೇಲೆ.

ಪಿಕೆಟ್ಟನ ಕತೆ ಹೇಳಿದಾಗ ಮಗಳು, "ಇದು ನಮ್ಮ ಹೋರಿ ಹಬ್ಬ ಇದ್ದಂಗೈತಲ್ಲಪಾ" ಅಂದಳು. ಖರೆ. ನಮ್ಮ ಹಾವೇರಿ ಸೀಮೆಯಲ್ಲಿ ದೀಪಾವಳಿ ಬಂತೆಂದರೆ ಹೋರಿಗೆ ಕೊಬ್ಬರಿ ಸರ ಕಟ್ಟಿ, ಜೂಲು ಹೊದಿಸಿ, ಬಲೂನು ಕಟ್ಟಿ ಓಡಿಸುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ. ಗೆದ್ದ ಹೋರಿಗೆ ಹೆಸರು, ಹೋರಿಯ ಮಾಲಕನಿಗೆ ಹೆಸರು. ಹೋರಿಯ ಕೊರಳಿನ ಗೆಜ್ಜೆಪಟ್ಟಿ ಹೊಲಿದವನಿಗೆ, ಹಲಗಿ ಬಾರಿಸಿ ಹೋರಿಗೆ ಆವೇಶ ಬರಿಸಿದವನಿಗೆ ಯಾವ ಹೆಸರು?

ಆಗ ಮಗಳು ಕೇಳಿದಳು: "ಅಪ್ಪಾ, ಅವರು ಗುಲಾಮ್ರಾದ್ರೂ ಕುದುರಿ ಹತ್ತಿದ್ರು. ನಮ್ಮವರು ಯಾರರ ಹತ್ತಿದ್ರನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮನೆದೇವರು ದೇವರಗುಡ್ಡದ ಮಾಲತೇಶ. ರಾಣೇಬೆನ್ನೂರ ತಾಲೂಕಿನ ಆ ಗುಡ್ಡಕ್ಕೆ ನಾವು ನಡೆದು ಹೋಗುತ್ತೇವೆ. ಮಾಲತೇಶ ಕುದುರೆಯ ಸವಾರ. ದೇವರು ಏರಿದ್ದಾನೆ, ಒಕ್ಕಲು ಏರಿಲ್ಲ. ಇದನ್ನು ಮಗಳಿಗೆ ಹೇಗೆ ಹೇಳಲಿ? ಹೇಳಿದ್ದು ಅಪ್ಪ.

"ನಿಮ್ಮ ಅಜ್ಜಿ ತಮ್ಮನ ಲಗ್ನ ಇತ್ತು. ನಿಮ್ಮಪ್ಪ ಆಗ ಸಣ್ಣಾವ. ಅವಂಗ ನೆನಪೈತೋ ಇಲ್ಲೋ" ಅಂದ.

ನೆನಪಿದೆ. ಮರೆತಿದ್ದೇನೆ ಅಂತ ನಟಿಸುತ್ತ ಬಂದಿದ್ದೇನೆ, ಅಷ್ಟೆ. 1986ನೇ ಇಸವಿ, ನಾನು ಐದನೇ ಇಯತ್ತೆ. ಅವ್ವನ ತವರೂರಿನ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಉಳಿದ ಊರುಗಳು ತಮ್ಮದಲ್ಲ ಅಂತ ನಿದ್ದೆ ಮಾಡುತ್ತವೆ. ಸೋದರಮಾವ ಪೋಸ್ಟಿನಲ್ಲಿ ಕೆಲಸಕ್ಕೆ ಸೇರಿದ್ದ. ಕುದುರೆ ಮೇಲೆ ಕೂತು ಮೆರವಣಿಗೆ ಹೋಗಬೇಕು ಅಂತ ಅವನಿಗೆ ಆಸೆ. ಟಾಂಗಾ ಹೊಡೆಯುವ ಸಾಬರೊಬ್ಬರು ತಮ್ಮ ಬಿಳಿ ಕುದುರೆ ಹಿಡಿದುಕೊಂಡು ಬಂದರು. ಜೀನಿನ ಹೊಟ್ಟೆಪಟ್ಟಿ ಹರಿಯುವುದರಲ್ಲಿತ್ತು. ಅಪ್ಪ ಉಳಿ ರಂಪಿಗೆ ತೆಗೆದು, ಬೇವಿನ ಗಿಡದ ಬುಡಕ್ಕೆ ಕೂತು, ಹೊಸ ತೊಗಲಿನ ತೇಪೆ ಹಾಕಿ ಜೋಡು ಹೊಲಿಗೆ ಹೊಲಿದ. ಮಾವ ಜರದ ರುಮಾಲು ಸುತ್ತಿಕೊಂಡು ಏರಿ ಕೂತ. ನಮ್ಮ ಓಣಿಯೊಳಗೆ ಮಾತ್ರ ಕೂತ.

ಅಗಸಿ ಹತ್ತಿರ ಬಂದಾಗ ಹತ್ತು ಹನ್ನೆರಡು ಮಂದಿ ನಿಂತಿದ್ದರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಹಿರಿಯನೊಬ್ಬ ಸಮಾಧಾನವಾಗಿಯೇ ಹೇಳಿದ: "ಕುದುರಿ ಬೇಕಾದ್ರ ಹೋಗ್ಲಿ, ನಾವ್ಯಾಕ ತಡೀಬೇಕು? ಮದುಮಗ ಇಳದು ನಡಕೋಂತ ಹೋಗ್ಲಿ." ನಾಳೆಯಿಂದ ಹೊಲದ ಕೆಲಸಕ್ಕೆ ಕರೆಯುವವರೂ ಅವರೇ. ಅಂಗಡಿಯಲ್ಲಿ ಉದ್ರಿ ಕೊಡುವವರೂ ಅವರೇ. ನಮ್ಮ ಹಿರಿಯರು ಮಾವನ ಮುಖ ನೋಡಿದರು. ಮಾವ ಇಳಿದ.

ಮೆರವಣಿಗೆ ನಡೆಯಿತು. ಮುಂದೆ ಹಲಗಿ ಬಾರಿಸುತ್ತ ಅಪ್ಪ. ಹಲಗಿಯ ನಡೆಗೆ ಕಾಲು ಹಾಕುತ್ತ ಖಾಲಿ ಜೀನಿನ ಕುದುರೆ. ಅದರ ಹಿಂದೆ ಹೊಸ ಧೋತರ ದೂಳಾಗುತ್ತ ನಡೆದು ಬರುವ ಮದುಮಗ. ಊರಿನ ಮಂದಿ ಕಟ್ಟೆ ಮೇಲೆ ಕೂತು ನೋಡಿದರು. ನಾನು ಆ ಖಾಲಿ ಜೀನನ್ನೇ ನೋಡುತ್ತಿದ್ದೆ. ಅಪ್ಪ ಹಾಕಿದ ತೇಪೆ ಹೊಸದಾಗಿ ಹೊಳೆಯುತ್ತಿತ್ತು. ಅದು ಅವತ್ತು ಯಾರ ಭಾರವನ್ನೂ ಹೊರಲಿಲ್ಲ.

ಅಪ್ಪ ಇದನ್ನು ಹೇಳಿ ಮುಗಿಸಿದ ಮೇಲೆ, "ನಾ ಅವತ್ತು ಹಲಗಿ ಬಡಿಯೋದು ನಿಲ್ಲಸಬೇಕಾಗಿತ್ತು" ಅಂದ. ಇಷ್ಟು ವರ್ಷದಲ್ಲಿ ಈ ಮಾತನ್ನು ನಾನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು.

ಮಗಳು ಅತ್ತಳು. ನಾನು ಅವಳಿಗೆ ಬಾಬಾಸಾಹೇಬರ ಸಂಗತಿ ಹೇಳಿದೆ. 1929ರಲ್ಲಿ ಅವರು ಮುಂಬಯಿ ಸರಕಾರದ ಒಂದು ಸಮಿತಿಯ ಸದಸ್ಯರಾಗಿ ಅಸ್ಪೃಶ್ಯರ ಕಷ್ಟ ವಿಚಾರಿಸಲು ಹೋಗಿದ್ದರು. ಚಾಳಿಸಗಾಂವ್ ಸ್ಟೇಶನ್ನಿನಲ್ಲಿ ಇಳಿದಾಗ ಒಬ್ಬ ಟಾಂಗಾದವನೂ ಅವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಮಹಾರರ ಕೇರಿಯವರಿಗೆ ತಮ್ಮ ದೊಡ್ಡ ಮನುಷ್ಯ ನಡೆದು ಬರುವುದು ಅವಮಾನ. ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ಹೊಡೆಯಲು ಬಾರದ ತಮ್ಮವನೊಬ್ಬನ ಕೈಗೆ ಲಗಾಮು ಕೊಟ್ಟರು. ಹಳ್ಳದ ಸೇತುವೆಯ ಮೇಲೆ ಗಾಲಿ ಕಲ್ಲಿಗೆ ಸಿಕ್ಕಿತು. ಕುದುರೆ, ಗಾಡಿ ಎರಡೂ ಕೆಳಗೆ ಬಿದ್ದವು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟು ಕಾಲು ಮುರಿದುಕೊಂಡರು. ಬ್ಯಾರಿಸ್ಟರ್ ಓದಿ ಬಂದವರ ಕಾಲು ಅದು. ಲಗಾಮು ಹಿಡಿಯಲು ಕಲಿಸದ ಜಾತಿಯೇ ಆ ಕಾಲು ಮುರಿದದ್ದು.

ಇದೆಲ್ಲ ಹಳೆಯ ಕಾಲದ್ದು ಅನ್ನುವ ಗೆಳೆಯರಿದ್ದಾರೆ. 2018ರ ಮಾರ್ಚಿನಲ್ಲಿ ಗುಜರಾತಿನ ಭಾವನಗರ ಜಿಲ್ಲೆಯ ಟಿಂಬಿ ಎಂಬ ಊರಿನಲ್ಲಿ 21 ವರ್ಷದ ದಲಿತ ಹುಡುಗನ ಕೊಲೆಯಾಯಿತು. ಕುದುರೆ ಸಾಕಿ, ಏರಿ ಓಡಾಡಿದ್ದಕ್ಕೇ ಕೊಂದರು ಅಂತ ಅವನ ತಂದೆ ದೂರು ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಉತ್ತರ ಪ್ರದೇಶದ ಕಾಸಗಂಜ್ ಜಿಲ್ಲೆಯ ನಿಜಾಂಪುರದಲ್ಲಿ ಒಬ್ಬ ದಲಿತ ಮದುಮಗನ ಮೆರವಣಿಗೆ ಊರೊಳಗೆ ಹಾಯಲಿಕ್ಕೆ ದೊಡ್ಡ ಪೊಲೀಸ್ ಪಡೆಯೇ ಬೇಕಾಯಿತು. ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಮದುವೆಯ ಮೆರವಣಿಗೆಯಲ್ಲಿ ನಮ್ಮವರು ಕುದುರೆ ಏರುವುದನ್ನು ತಡೆದರೆ ಅಪರಾಧ ಅಂತ ಹೆಸರು ಹಿಡಿದು ಬರೆದದ್ದು 2015ರ ತಿದ್ದುಪಡಿಯಲ್ಲಿ; ಜಾರಿಗೆ ಬಂದದ್ದು 2016ರ ಜನವರಿ 26ರಿಂದ. ಮಾವ ಇಳಿದು 29 ವರ್ಷವಾದ ಮೇಲೆ ಈ ದೇಶದ ಕಾಯ್ದೆಯ ಆ ಪುಟದೊಳಗೆ ಕುದುರೆ ಬಂತು. ಮೂರನೇ ಕಲಮು, ಒಂದನೇ ಉಪಕಲಮು. ಸೈಕಲ್ಲು, ಮೋಟರ್ ಸೈಕಲ್ಲು, ಕಾಲಿನ ಚಪ್ಪಲಿ, ಹೊಸ ಬಟ್ಟೆ ಕೂಡ ಅದೇ ಸಾಲಿನಲ್ಲಿವೆ. ಓದಿ ನೋಡಿರಿ. ಒಂದು ದೇಶದ ಕಾಯ್ದೆ ಚಪ್ಪಲಿಯ ಹೆಸರನ್ನೂ ಬರೆಯಬೇಕಾಯಿತು ಅಂದರೆ ಆ ದೇಶದ ಊರುಗಳು ಎಂಥವು ಅಂತ ತಿಳಿಯುತ್ತದೆ.

ಹಾಗಾದರೆ ಮಗಳ ಆಟ ಏನು? ಸುಳ್ಳು ಸಮಾಧಾನವೇ? ಕೆಲವು ದಿನ ಹಾಗೇ ಅಂದುಕೊಂಡೆ. ಅಲ್ಲಿ ಯಾರೂ ಅಡ್ಡಹೆಸರು ಕೇಳುವುದಿಲ್ಲ, ಯಾವ ಓಣಿ ಅಂತ ಕೇಳುವುದಿಲ್ಲ, ಅಗಸಿಯಲ್ಲಿ ನಿಲ್ಲಿಸುವುದಿಲ್ಲ. ಅದು ನಿಜವಲ್ಲವಲ್ಲ ಅಂತ ಬೇಸರ. ಆಮೇಲೆ ಅನ್ನಿಸಿತು, ತಡೆಯುವವರಿಲ್ಲದ ಒಂದು ಜಾಗ ಹೇಗಿರುತ್ತದೆ ಅಂತ ನನ್ನ ಮಾವನಿಗೆ ಕನಸಿನಲ್ಲಾದರೂ ಗೊತ್ತಿತ್ತೇ? ಇವಳಿಗೆ ಗೊತ್ತು. ಅದನ್ನು ಒಮ್ಮೆ ಕಂಡವಳು ಅಗಸಿಯಲ್ಲಿ ಸುಮ್ಮನೆ ಇಳಿಯುವುದಿಲ್ಲ. ಆದರೆ ಅಷ್ಟೇ ಸಾಲದು. ಆ ಜೀನು ಯಾರು ಹೊಲಿದರು, ಆ ಪಂದ್ಯ ಯಾರ ದುಡಿಮೆಯಿಂದ ಹುಟ್ಟಿತು ಅನ್ನುವುದು ಗೊತ್ತಿಲ್ಲದೆ ಏರಿದರೆ, ನಾವೂ ಏರಿದ ಮೇಲೆ ಕೆಳಗಿನವರನ್ನು ಮರೆಯುವ ಸವಾರರೇ ಆಗುತ್ತೇವೆ. ತೊಗಲಿನ ವಾಸನೆಯನ್ನು ಮಗಳಿಂದ ಮುಚ್ಚಿಟ್ಟ ನಾನು ಅಂಥವನೇ ಆಗಿದ್ದೆ.

ಒಂದು ದಿನ ಅಪ್ಪನ ಹಳೆಯ ಗೋಣಿಚೀಲ ಬಿಚ್ಚಿದೆವು. ಉಳಿ, ರಂಪಿಗೆ, ಮೇಣ ಹಚ್ಚಿದ ದಾರ. ಮೊಬೈಲಿನಲ್ಲಿ ವೆಸ್ಟರ್ನ್ ಜೀನಿನ ಚಿತ್ರ ದೊಡ್ಡದು ಮಾಡಿ ಮಗಳು ಅಜ್ಜನ ಕಣ್ಣಿನ ಹತ್ತಿರ ಹಿಡಿದಳು. ಮುಂದುಗಡೆ ಕೊಂಬಿನ ಹಾಗೆ ಇರುವುದು ದನ ಕಟ್ಟಿದ ಹಗ್ಗ ಸುತ್ತಲಿಕ್ಕೆ ಅಂತ ಅವಳು ವಿವರಿಸಿದಳು. ಅಪ್ಪ ಬಹಳ ಹೊತ್ತು ನೋಡಿ, "ಜೋಡು ಹೊಲಿಗಿ ಹಾಕ್ಯಾರ. ಹೊಲದಾವ ನಮ್ಮಾವನ ಇರಬೇಕು" ಅಂದ. ಅಪ್ಪನ ಭೂಗೋಲದಲ್ಲಿ ತೊಗಲು ಹೊಲಿಯುವವರೆಲ್ಲ ಒಂದೇ ಕೇರಿಯವರು.

ಹೋದ ವರ್ಷ ನನ್ನ ತಮ್ಮನ ಮಗನ ಲಗ್ನ ಅಗಡಿಯಲ್ಲಿ ಆಯಿತು. ಕುದುರೆ ತರಿಸಿದೆವು. ಯಾರೂ ಅಡ್ಡ ನಿಲ್ಲಲಿಲ್ಲ. ಆದರೂ ಕಾಯ್ದೆಯ ಆ ಪುಟದ ಜೆರಾಕ್ಸು ನನ್ನ ಕಿಸೆಯಲ್ಲಿತ್ತು. ನಲವತ್ತು ವರ್ಷದ ಹಿಂದಿನ ಅಗಸಿ ಇನ್ನೂ ನನ್ನ ಕಿಸೆಯಲ್ಲೇ ಇದೆ ಅಂತ ತಿಳಿದುಕೊಳ್ಳಿರಿ.

ಮೆರವಣಿಗೆ ಹೊರಡುವ ಮೊದಲು ಮಗಳು, "ನಾ ಒಂದ್ಸಲ ಕೂಡ್ಲಿ?" ಅಂದಳು. ಮೊಬೈಲಿನಲ್ಲಿ ಎಷ್ಟೋ ಪಂದ್ಯ ಗೆದ್ದವಳಿಗೆ ನಿಜವಾದ ಕುದುರೆಯ ಹತ್ತಿರ ಹೋದಾಗ ಕಾಲು ನಡುಗಿದವು. ಅದರ ಎತ್ತರ, ಅದರ ಬಿಸಿ ಉಸಿರು, ಅದರ ವಾಸನೆ. ಜೀನಿನಿಂದಲೂ ವಾಸನೆ ಬರುತ್ತಿತ್ತು. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ. "ಅಜ್ಜಾ, ನಿನ್ನ ಚೀಲದ ವಾಸನಿ" ಅಂದಳು.

ಅಪ್ಪ ಕೋಲು ಊರಿಕೊಂಡು ಬಂದ. ಕುದುರೆಯ ಹೊಟ್ಟೆಯ ಕೆಳಗೆ ಕೈ ಹಾಕಿ ಪಟ್ಟಿ ತಡವಿದ. ಸಡಿಲ ಇತ್ತು. ಒಂದು ತೂತು ಬಿಗಿ ಮಾಡಿದ. ಎರಡು ಸಲ ಜಗ್ಗಿ ನೋಡಿದ.

"ಈಗ ಕೂಡು" ಅಂದ.

ಅವಳು ಏರಿದಳು. ಹಲಗಿ ಹುಡುಗರು ಬಾರಿಸಲು ಶುರು ಮಾಡಿದರು. ಅಪ್ಪ ಅವರ ಕಡೆ ನೋಡಿ, ಇನ್ನೂ ಜೋರು ಅಂತ ಕೈಸನ್ನೆ ಮಾಡಿದ.

ಹಳ್ಳಿಯ ಮಾಸ್ತರುಗಳಾದ ಗೆಳೆಯರಿಗೆ ನನ್ನದೊಂದು ಮಾತು. ನಿಮ್ಮ ತರಗತಿಯ ಮಕ್ಕಳ ಕೈಯಲ್ಲೂ ಇಂಥ ಕುದುರೆಗಳಿವೆ. ಕಸಿದುಕೊಳ್ಳಬೇಡಿರಿ. ಹತ್ತಿರ ಕೂತು ಒಂದೇ ಒಂದು ಪ್ರಶ್ನೆ ಕೇಳಿರಿ: ಈ ಜೀನು ಯಾರು ಹೊಲಿದದ್ದು? ಉತ್ತರ ಹುಡುಕುತ್ತ ಹೊರಟ ಮಗು ಟೆಕ್ಸಾಸಿಗೂ ಹೋಗುತ್ತದೆ, ತಿರುಗಿ ತನ್ನ ಕೇರಿಗೂ ಬರುತ್ತದೆ. ಬಂದ ಮೇಲೆ ಅಗಸಿಯಲ್ಲಿ ಯಾರಾದರೂ ಇಳಿ ಅಂದರೆ, ಯಾಕೆ ಇಳಿಯಬೇಕು ಅಂತ ಕುದುರೆಯ ಮೇಲೆ ಕೂತೇ ಕೇಳುತ್ತದೆ.